ಜಾಹೀರಾತು ಒಂದು ಕಾಲಂ, ನಿಮ್ಮ ಕೆಲಸ ಇನ್ನೊಂದು ಕಾಲಂ: ಅಕೌಂಟ್ಸ್ ರೆಸ್ಯೂಮ್ ಬರೆಯುವ ಕ್ರಮ

ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವವರಿಗೆ ತಾಳೆ ನೋಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿಂಗಳ 14ನೇ ತಾರೀಖು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ (ಸಪ್ಲೈಯರ್‌ಗಳು ನಮ್ಮ ಹೆಸರಿಗೆ ತೋರಿಸಿದ ಬಿಲ್‌ಗಳ ಪಟ್ಟಿ) ಬಂದ ಕೂಡಲೇ ಅದನ್ನು ಒಂದು ಕಡೆ, ಲೆಕ್ಕದ ತಂತ್ರಾಂಶ ಟ್ಯಾಲಿಯ ಪರ್ಚೇಸ್ ರಿಜಿಸ್ಟರನ್ನು ಇನ್ನೊಂದು ಕಡೆ ಇಟ್ಟುಕೊಂಡು ಕೂರುತ್ತಾರೆ. ಎರಡರಲ್ಲೂ ಇರುವ ಬಿಲ್ ಯಾವುದು, ಒಂದರಲ್ಲೇ ಇರುವುದು ಯಾವುದು, ಮೊತ್ತ ಹೊಂದದಿರುವುದು ಯಾವುದು ಎಂದು ಒಂದೊಂದಾಗಿ ಗುರುತು ಹಾಕುತ್ತಾರೆ. ಅದೇ ಜನ ರೆಸ್ಯೂಮ್ ಬರೆಯಲು ಕೂತಾಗ ಗೆಳೆಯರ ಹಳೇ ಫೈಲ್ ತೆರೆದು, ಹೆಸರು, ನಂಬರ್ ಬದಲಿಸಿ, ಕಣ್ಣಿಗೆ ಬಿದ್ದ ಜಾಹೀರಾತಿಗೆಲ್ಲ ಅದನ್ನೇ ಕಳಿಸುತ್ತಾರೆ. ಕರೆ ಬರದಿದ್ದರೆ ತಮ್ಮಲ್ಲೇ ಏನೋ ಕೊರತೆ ಎಂದುಕೊಂಡು ಕುಗ್ಗುತ್ತಾರೆ. ಎಷ್ಟೋ ಸಲ ಕೆಲಸ ಚೆನ್ನಾಗಿಯೇ ಗೊತ್ತಿರುತ್ತದೆ, ಆದರೆ ಅದು ಕಾಗದದ ಮೇಲೆ ಬಂದಿರುವುದಿಲ್ಲ.

ಬಿ.ಕಾಂ. ಮುಗಿಸಿ ಬೆಂಗಳೂರು ಮತ್ತು ಸುತ್ತಮುತ್ತ ಅಕೌಂಟ್ಸ್ ಅಸಿಸ್ಟೆಂಟ್, ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆ ಹುಡುಕುವವರನ್ನು, ಅದರಲ್ಲೂ ನಾಲ್ಕು ವರ್ಷಕ್ಕಿಂತ ಕಡಿಮೆ ಅನುಭವ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಖಾಸಗಿ ಕಂಪನಿಗಳಿಗೆ ರೆಸ್ಯೂಮ್ ಇಂಗ್ಲಿಷ್‌ನಲ್ಲೇ ಹೋಗಬೇಕು. ಇಲ್ಲಿ ಮಾದರಿ ಸಾಲುಗಳನ್ನು ಕನ್ನಡದಲ್ಲಿ ಕೊಟ್ಟಿರುವುದಕ್ಕೆ ಕಾರಣವಿದೆ. ನೇರವಾಗಿ ಇಂಗ್ಲಿಷ್‌ನಲ್ಲಿ ಬರೆಯಲು ಹೊರಟರೆ ಎಲ್ಲರ ಕೈಯಲ್ಲೂ ಒಂದೇ ಸಾಲು ಬರುತ್ತದೆ: 'ರೆಸ್ಪಾನ್ಸಿಬಲ್ ಫಾರ್ ಜಿಎಸ್‌ಟಿ ವರ್ಕ್'. ಅದೇ ಮನೆಯಲ್ಲಿ ಅಕ್ಕನಿಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆದರೆ, "ದಿನಾ ಬರೋ ಪರ್ಚೇಸ್ ಬಿಲ್ ಟ್ಯಾಲಿಗೆ ಹಾಕ್ತೀನಿ, 2ಬಿ ಬಂದ ಮೇಲೆ ಚೆಕ್ ಮಾಡ್ತೀನಿ, ಬಿಲ್ ಕಾಣ್ಲಿಲ್ಲ ಅಂದ್ರೆ ಪಾರ್ಟಿಗೆ ಫೋನ್ ಮಾಡ್ತೀನಿ" ಎಂದು ಕೆಲಸವೇ ಹೊರಗೆ ಬರುತ್ತದೆ. ಮೊದಲು ಹೀಗೆ ಬರೆದುಕೊಳ್ಳಿ, ಇಂಗ್ಲಿಷ್ ಆಮೇಲೆ.

ಜಾಹೀರಾತನ್ನು ಬಿಡಿಸಿ ಓದುವುದು

ಒಂದು ಮಾದರಿ ಜಾಹೀರಾತು ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಘಟಕ ಎಂದುಕೊಳ್ಳಿ. "ಅಕೌಂಟ್ಸ್ ಅಸಿಸ್ಟೆಂಟ್ ಬೇಕು. ಬಿ.ಕಾಂ., 1ರಿಂದ 3 ವರ್ಷ ಅನುಭವ. ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬಿಆರ್‌ಎಸ್, ವೆಂಡರ್ ಪೇಮೆಂಟ್, ಎಂಎಸ್ ಎಕ್ಸೆಲ್ ಗೊತ್ತಿರಬೇಕು. ಒತ್ತಡದಲ್ಲಿ ಕೆಲಸ ಮಾಡಬಲ್ಲವರು. ಕನ್ನಡ ಮತ್ತು ಇಂಗ್ಲಿಷ್. ತಕ್ಷಣ ಸೇರುವವರಿಗೆ ಆದ್ಯತೆ."

ಇದರಲ್ಲಿ ಪ್ರತಿ ಪದದ ಹಿಂದೆಯೂ ಒಂದು ದಿನನಿತ್ಯದ ಕೆಲಸ ಇದೆ. 'ವೆಂಡರ್ ಪೇಮೆಂಟ್' ಎಂದರೆ ಚೆಕ್ ಬರೆಯುವುದಷ್ಟೇ ಅಲ್ಲ. ಪರ್ಚೇಸ್ ಆರ್ಡರ್ (ಪಿಒ), ಸರಕು ಬಂತೆಂದು ಸ್ಟೋರ್‌ನವರು ಕೊಡುವ ಜಿಆರ್‌ಎನ್ ಚೀಟಿ, ಪಾರ್ಟಿಯ ಬಿಲ್ ಮೂರನ್ನೂ ಹೋಲಿಸಿ, ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕಾದಲ್ಲಿ ಹಿಡಿದು, ಯಾರಿಗೆ ಯಾವ ದಿನ ಕೊಡಬೇಕು ಎಂಬ ಪಟ್ಟಿ ಮಾಡಬೇಕು. ಮೈಕ್ರೋ ಮತ್ತು ಸ್ಮಾಲ್ ಎಂದು ನೋಂದಾಯಿಸಿಕೊಂಡ ಸಪ್ಲೈಯರ್‌ಗಳಿಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಹೋಗಬೇಕು. ತಡವಾದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಸಿಗದೆ ಹೋಗುವ ಅಪಾಯ ಇದೆ. ಇದನ್ನು ಗಮನಿಸುತ್ತಿದ್ದವರು ಅದನ್ನು ಬರೆಯದೇ ಬಿಡುವುದು ದೊಡ್ಡ ನಷ್ಟ.

'ಬಿಆರ್‌ಎಸ್' (ಬ್ಯಾಂಕ್ ಸ್ಟೇಟ್‌ಮೆಂಟನ್ನು ನಮ್ಮ ಪುಸ್ತಕದ ಜೊತೆ ತಾಳೆ ನೋಡುವುದು) ಎಂದಾಗ ಜಾಹೀರಾತು ಕೊಟ್ಟವರಿಗೆ ತಿಳಿಯಬೇಕಾದ್ದು ಎಷ್ಟು ಬ್ಯಾಂಕ್ ಖಾತೆ, ದಿನಾ ಮಾಡುತ್ತಿದ್ದಿರೋ ತಿಂಗಳಿಗೊಮ್ಮೆಯೋ ಎಂಬುದು. 'ಒತ್ತಡದಲ್ಲಿ ಕೆಲಸ' ಎಂಬುದನ್ನು ಎಲ್ಲರೂ ಸುಮ್ಮನೆ ಓದಿಕೊಂಡು ಹೋಗುತ್ತಾರೆ. ಅಕೌಂಟ್ಸ್‌ನಲ್ಲಿ ಒತ್ತಡಕ್ಕೆ ತಾರೀಖುಗಳಿವೆ: 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). "ಒತ್ತಡ ನಿಭಾಯಿಸುತ್ತೇನೆ" ಎಂಬ ಸಾಲಿಗಿಂತ "24 ತಿಂಗಳಲ್ಲಿ ಜಿಎಸ್‌ಟಿಆರ್-1 ವರ್ಕಿಂಗ್ ಪ್ರತಿ ಸಲ 9ರೊಳಗೆ ಸಿದ್ಧ" ಎಂಬ ಸಾಲು ಅದನ್ನು ತೋರಿಸಿಕೊಡುತ್ತದೆ, ಅದು ನಿಜವಾಗಿದ್ದರೆ ಮಾತ್ರ.

ಕನ್ನಡ ಎಂದು ಹಾಕಿರುವುದೂ ಸುಮ್ಮನೆ ಅಲ್ಲ. ಗೇಟಿನ ಸೆಕ್ಯೂರಿಟಿ, ಸ್ಟೋರ್, ಲಾರಿ ಡ್ರೈವರ್, ಲೇಬರ್ ಕಂಟ್ರಾಕ್ಟರ್ ಎಲ್ಲರ ಹತ್ತಿರವೂ ಬಿಲ್, ವೋಚರ್ ಕೇಳಿ ತರಿಸಿಕೊಳ್ಳಬೇಕು. ಆದ್ದರಿಂದ ಭಾಷೆಗಳ ಸಾಲಿನಲ್ಲಿ 'ಕನ್ನಡ' ಎಂದಷ್ಟೇ ಬಿಡದೆ ಓದುವುದು, ಬರೆಯುವುದು, ಮಾತಾಡುವುದು ಮೂರನ್ನೂ ಸ್ಪಷ್ಟವಾಗಿ ಹೇಳಿ.

ಎರಡು ಕಾಲಂ, ಮೂರು ಗುರುತು

ಈಗ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಜಾಹೀರಾತಿನ ಒಂದೊಂದು ಪದ. ಬಲಗಡೆ ಅದಕ್ಕೆ ಎದುರಾಗಿ ನೀವು ಮಾಡಿದ ಕೆಲಸ, ಎಲ್ಲಿ, ಎಷ್ಟು ದಿನ ಎಂಬುದರ ಸಮೇತ. ಪ್ರತಿ ಸಾಲಿಗೂ ಮೂರರಲ್ಲಿ ಒಂದು ಗುರುತು ಹಾಕಿ: ಒಬ್ಬರೇ ಮಾಡಿದ್ದೀರಾ, ಸೀನಿಯರ್ ಜೊತೆ ಸೇರಿ ಮಾಡಿದ್ದೀರಾ, ಇಲ್ಲ ಬರೀ ಗೊತ್ತಾ.

ಈ ಮೂರನ್ನು ಬೇರೆ ಮಾಡದೇ ಇರುವುದೇ ಸಂದರ್ಶನದಲ್ಲಿ ಸಿಕ್ಕಿಬೀಳಲು ಮೊದಲ ಕಾರಣ. ರೆಸ್ಯೂಮ್‌ನಲ್ಲಿ 'ಜಿಎಸ್‌ಟಿ ರಿಟರ್ನ್ ಫೈಲ್ ಮಾಡಿದ್ದೇನೆ' ಎಂದಿದ್ದರೆ ಅನುಭವಿ ಅಕೌಂಟೆಂಟ್ ಕೇಳುವುದು ಒಂದೇ ಪ್ರಶ್ನೆ: "ಓಟಿಪಿ ಯಾರ ಫೋನಿಗೆ ಬರ್ತಿತ್ತು?" ಓಟಿಪಿ ಬರುವುದು ಅಧಿಕೃತ ಸಹಿದಾರರಿಗೆ, ಅಂದರೆ ಸಾಮಾನ್ಯವಾಗಿ ಮಾಲೀಕರಿಗೆ. ಅಸಿಸ್ಟೆಂಟ್ ಮಾಡುವುದು ಅದರ ಹಿಂದಿನ ಕೆಲಸ: ಸೇಲ್ಸ್ ಪಟ್ಟಿ ತೆಗೆಯುವುದು, ಎಚ್‌ಎಸ್‌ಎನ್ (ಸರಕಿನ ಸಂಕೇತ ಸಂಖ್ಯೆ) ಸಾರಾಂಶ ನೋಡುವುದು, ಕ್ರೆಡಿಟ್ ನೋಟ್ ಸೇರಿಸುವುದು, ಪೋರ್ಟಲ್‌ಗೆ ಹಾಕುವ ಮಟ್ಟಕ್ಕೆ ತರುವುದು. ಇದಕ್ಕೆ 'ವರ್ಕಿಂಗ್ ತಯಾರಿಸಿದ್ದೇನೆ' ಎನ್ನಬೇಕು. ಇದೇನೂ ಸಣ್ಣ ಕೆಲಸವಲ್ಲ. ಫೈಲ್ ಮಾಡುವವರು ಒಂದು ಬಟನ್ ಒತ್ತುತ್ತಾರೆ, ಲೆಕ್ಕ ಸರಿ ಇದೆಯೋ ಇಲ್ಲವೋ ಎಂಬುದು ವರ್ಕಿಂಗ್ ಮಾಡಿದವರ ಕೈಯಲ್ಲಿ ಇರುತ್ತದೆ. ನಿಜ ಹೇಳಿದರೆ ಬೆಲೆ ಕಡಿಮೆಯಾಗುತ್ತದೆ ಎಂಬ ಭಯ ಇಲ್ಲಿ ಬೇಡವೇ ಬೇಡ.

ಈ ಗುರುತುಗಳಿಗೆ ತಕ್ಕ ಕ್ರಿಯಾಪದ ಇಟ್ಟುಕೊಳ್ಳಿ. ಒಬ್ಬರೇ ಮಾಡಿದ್ದಕ್ಕೆ 'ಪ್ರಿಪೇರ್ಡ್', 'ರೀಕನ್ಸೈಲ್ಡ್', 'ಪ್ರೊಸೆಸ್ಡ್'. ಜೊತೆಗಿದ್ದು ಮಾಡಿದ್ದಕ್ಕೆ 'ಅಸಿಸ್ಟೆಡ್ ಇನ್'. ಬರೀ ಗೊತ್ತಿರುವುದನ್ನು ಅನುಭವದ ಭಾಗಕ್ಕೆ ತರಲೇಬೇಡಿ, ಕೌಶಲಗಳ ಸಾಲಿನಲ್ಲಿ 'ತರಬೇತಿ ಮಟ್ಟ' ಎಂದು ಸೇರಿಸಿ.

ಎಡಗಡೆಯ ಆರು ಪದದಲ್ಲಿ ನಾಲ್ಕಕ್ಕೆ ಮೊದಲ ಅಥವಾ ಎರಡನೇ ಗುರುತು ಬಿದ್ದರೂ ಧೈರ್ಯವಾಗಿ ಅರ್ಜಿ ಹಾಕಿ. ಎರಡಕ್ಕೇ ನಿಂತರೆ ಆ ಕೆಲಸಕ್ಕೆ ರೆಸ್ಯೂಮ್ ತಿದ್ದುತ್ತಾ ಕೂರುವ ಬದಲು ಬೇರೆ ಜಾಹೀರಾತು ನೋಡುವುದು ಮೇಲು. ಬಲಗಡೆ ಖಾಲಿ ಬಿದ್ದ ಜಾಗಗಳನ್ನು ಎಸೆಯಬೇಡಿ. ಐದಾರು ಜಾಹೀರಾತಿನಲ್ಲಿ ಅದೇ ಜಾಗ ಖಾಲಿ ಬಂದರೆ ಮುಂದೆ ಏನು ಕಲಿಯಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸಂಖ್ಯೆ ಎಲ್ಲಿಂದ ತರುವುದು

ರೆಸ್ಯೂಮ್‌ನಲ್ಲಿ ಅಂಕಿ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿಂದ ತರಬೇಕು ಎಂದು ಹೇಳುವವರು ಕಡಿಮೆ. ಟ್ಯಾಲಿ ಬಳಸುವವರಿಗೆ ಅದು ಒಳಗೇ ಇದೆ. ಟ್ಯಾಲಿ ಪ್ರೈಮ್‌ನಲ್ಲಿ ಗೇಟ್‌ವೇಯಿಂದ 'ಡಿಸ್‌ಪ್ಲೇ ಮೋರ್ ರಿಪೋರ್ಟ್ಸ್', ಅಲ್ಲಿಂದ 'ಸ್ಟೇಟ್‌ಮೆಂಟ್ಸ್ ಆಫ್ ಅಕೌಂಟ್ಸ್', ಅದರೊಳಗೆ 'ಸ್ಟ್ಯಾಟಿಸ್ಟಿಕ್ಸ್'. ಪರ್ಚೇಸ್ ಎಷ್ಟು, ಸೇಲ್ಸ್ ಎಷ್ಟು, ಪೇಮೆಂಟ್, ರಿಸೀಟ್, ಜರ್ನಲ್ ಎಷ್ಟು, ಲೆಡ್ಜರ್‌ಗಳು ಎಷ್ಟು, ಎಲ್ಲ ಒಂದೇ ಪುಟದಲ್ಲಿ ಕಾಣುತ್ತದೆ. ವರ್ಷಕ್ಕೆ ಪರ್ಚೇಸ್ ವೋಚರ್ 4,200 ಇದ್ದರೆ ತಿಂಗಳಿಗೆ 350. ಇಬ್ಬರು ಹಂಚಿಕೊಂಡು ಎಂಟ್ರಿ ಮಾಡುತ್ತಿದ್ದರೆ ನಿಮ್ಮ ಪಾಲು 175 ಎಂದೇ ಬರೆಯಿರಿ.

ಕೆಲಸ ಬಿಡುವ ಮುಂಚೆಯೇ ಈ ಸಂಖ್ಯೆಗಳನ್ನು ಕೈಬರಹದಲ್ಲಿ ಗುರುತು ಮಾಡಿಕೊಳ್ಳಿ, ಬಿಟ್ಟ ಮೇಲೆ ಸಿಗುವುದಿಲ್ಲ. ಡೇಟಾ ಬ್ಯಾಕಪ್ ಅಥವಾ ಪಾರ್ಟಿಗಳ ಪಟ್ಟಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುವುದು ಮಾತ್ರ ತಪ್ಪು. ಆಡಿಟ್ ಆಫೀಸಿನಲ್ಲಿ ಇದ್ದವರು ಗ್ರಾಹಕರ ಹೆಸರು, ಅವರ ವಹಿವಾಟಿನ ಮೊತ್ತ ಬರೆಯಬಾರದು. 'ಎರಡು ಜವಳಿ ಅಂಗಡಿ, ಒಂದು ಆಸ್ಪತ್ರೆ, ನಾಲ್ಕು ಸಣ್ಣ ಕಾರ್ಖಾನೆಗಳ ಲೆಕ್ಕ' ಎಂದರೆ ಸಾಕು. ಹಿಂದಿನ ಗ್ರಾಹಕರ ಗುಟ್ಟು ರೆಸ್ಯೂಮ್‌ನಲ್ಲಿ ಹರಡಿದವರು ನಾಳೆ ತಮ್ಮದನ್ನೂ ಹರಡುತ್ತಾರೆ ಎಂದು ಓದುವವರಿಗೆ ಅನ್ನಿಸುವುದು ಸಹಜ.

ಎಣಿಸಲು ಬೇರೆ ಏನೇನಿದೆ? ಬ್ಯಾಂಕ್ ಖಾತೆಗಳು, ಸಂಬಳದ ಪಟ್ಟಿಯಲ್ಲಿದ್ದ ಜನ, ದಿನಕ್ಕೆ ಮಾಡುತ್ತಿದ್ದ ಸರಕು ಸಾಗಣೆಯ ಇ-ವೇ ಬಿಲ್, ಎಷ್ಟು ವೆಂಡರ್‌ಗಳ ಲೆಡ್ಜರ್ ಕನ್ಫರ್ಮೇಶನ್ ತರಿಸಿದಿರಿ, ಬಾಕಿ ಎಷ್ಟು ದಿನದಿಂದ ಎಷ್ಟು ದಿನಕ್ಕೆ ಇಳಿಯಿತು. ಶೇಕಡಾವಾರು ಸುಧಾರಣೆ ಎಂದು ಬರೆಯಲು ಹೋಗಿ ಅಂಕಿ ಹೊಸೆಯಬೇಡಿ. ಅಕೌಂಟ್ಸ್‌ನವರ ಎದುರು ಕೂತು 'ದಕ್ಷತೆ 40 ಪರ್ಸೆಂಟ್ ಹೆಚ್ಚಿಸಿದೆ' ಎಂದರೆ "ಯಾವುದರ ಮೇಲೆ 40?" ಎಂದು ಅವರು ಕೇಳೇ ಕೇಳುತ್ತಾರೆ.

ಒಂದು ಸಾಲನ್ನು ಕಟ್ಟುವ ಬಗೆ

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಕರೆ ಬರುವುದೋ ಇಲ್ಲವೋ ಎಂಬುದು ಇಂಥ ನಾಲ್ಕೈದು ಸಾಲಿನ ಮೇಲೆ ನಿಂತಿದೆ.

ಜಾಹೀರಾತಿನಲ್ಲಿ 'ಜಿಎಸ್‌ಟಿ ರಿಟರ್ನ್' ಎಂದಿದೆ. ಸಾಮಾನ್ಯವಾಗಿ ಬರೆಯುವುದು: "ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತಿದ್ದೆ." ಇದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ: "ತಿಂಗಳಿಗೆ ಸುಮಾರು 350 ಖರೀದಿ ಬಿಲ್‌ಗಳನ್ನು 2ಬಿ ಜೊತೆ ತಾಳೆ ನೋಡುತ್ತಿದ್ದೆ." ಪರವಾಗಿಲ್ಲ, ಆದರೆ ತಾಳೆಯಾಗದೇ ಇದ್ದಾಗ ಏನು ಮಾಡಿದಿರಿ ಎಂಬುದು ಇನ್ನೂ ಬಂದಿಲ್ಲ. ಕೆಲಸ ಇರುವುದೇ ಅಲ್ಲಿ.

ಒಂದು ಲಕ್ಷ ರೂಪಾಯಿಯ ಬಿಲ್, 18 ಪರ್ಸೆಂಟ್ ತೆರಿಗೆ ಎಂದರೆ 18,000 ರೂಪಾಯಿ. ಸಪ್ಲೈಯರ್ ಆ ಬಿಲ್ಲನ್ನು ತಮ್ಮ ಜಿಎಸ್‌ಟಿಆರ್-1ರಲ್ಲಿ ತೋರಿಸದಿದ್ದರೆ ಅದು ನಿಮ್ಮ 2ಬಿಯಲ್ಲಿ ಬರುವುದಿಲ್ಲ. 2022ರ ಜನವರಿಯಿಂದ ಹಾಗೆ ಬರದೇ ಇದ್ದ ಬಿಲ್ ಮೇಲೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ತೆಗೆದುಕೊಳ್ಳುವಂತಿಲ್ಲ. 20ನೇ ತಾರೀಖು ಮಾಲೀಕರು ಆ 18,000ವನ್ನು ಕೈಯಿಂದ ಕಟ್ಟಬೇಕು. ಬಿಲ್ ಕಾಣದಿರಲು ಕಾರಣಗಳೂ ಕೆಲವೇ. ಪಾರ್ಟಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಇರಬಹುದು, ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಒಂದು ಅಕ್ಷರ ತಪ್ಪು ಟೈಪ್ ಆಗಿರಬಹುದು, ಗ್ರಾಹಕರಿಗೆ ನಂಬರೇ ಇಲ್ಲವೆಂದು ತೋರಿಸಿರಬಹುದು, ಅಥವಾ ಅವರು ರಿಟರ್ನನ್ನೇ ಹಾಕದೆ ಇರಬಹುದು. 2024ರ ಅಕ್ಟೋಬರ್‌ನಿಂದ ಪೋರ್ಟಲ್‌ನಲ್ಲಿ ಐಎಂಎಸ್ ಎಂಬ ವ್ಯವಸ್ಥೆ ಬಂದ ಮೇಲೆ ಸಪ್ಲೈಯರ್ ಹಾಕಿದ ಬಿಲ್ಲನ್ನು ಒಪ್ಪುವುದು, ತಿರಸ್ಕರಿಸುವುದು, ತಡೆಹಿಡಿಯುವುದು ಎಂಬ ಕೆಲಸವೂ ಸೇರಿದೆ.

ಈ ಕಾರಣಗಳನ್ನು ಹುಡುಕಿ, ಫೋನ್ ಮಾಡಿ, ಸರಿ ಮಾಡಿಸುತ್ತಿದ್ದ ವ್ಯಕ್ತಿ ಪ್ರತಿ ತಿಂಗಳೂ ಕಂಪನಿಯ ದುಡ್ಡು ಉಳಿಸುತ್ತಿದ್ದರು. ಸಾಲು ಹೀಗೆ ಬರಲಿ: "ತಿಂಗಳಿಗೆ ಸುಮಾರು 350 ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ ಜೊತೆ ಎಕ್ಸೆಲ್‌ನಲ್ಲಿ ತಾಳೆ ನೋಡಿ, ಕಾಣದ ಬಿಲ್‌ಗಳ ಬಗ್ಗೆ ಸಪ್ಲೈಯರ್‌ಗಳನ್ನು ಸಂಪರ್ಕಿಸಿ ಸರಿಪಡಿಸಿದೆ; 3ಬಿ ವರ್ಕಿಂಗ್ ತಯಾರಿಸಿ 18ರೊಳಗೆ ಸೀನಿಯರ್‌ಗೆ ಒಪ್ಪಿಸಿದೆ." ಎಷ್ಟು, ಯಾವುದರಲ್ಲಿ, ತೊಡಕು ಬಂದಾಗ ಏನು, ಯಾರಿಗೆ ಯಾವಾಗ ಎಂಬುದೆಲ್ಲ ಒಂದೇ ಸಾಲಿನಲ್ಲಿ ಇದೆ. ಜಾಹೀರಾತಿನ ಮೂರು ಪದಕ್ಕೆ, ಅಂದರೆ ಜಿಎಸ್‌ಟಿ, ಎಕ್ಸೆಲ್, ವೆಂಡರ್ ಎಂಬುದಕ್ಕೆ, ಇದೊಂದೇ ಉತ್ತರ ಕೊಡುತ್ತದೆ.

ಟಿಡಿಎಸ್ ಸಾಲಿನಲ್ಲಿ ಒಂದು ಎಚ್ಚರ. 194ಸಿ, 194ಜೆ ಎಂದು ಸೆಕ್ಷನ್ ನಂಬರ್ ಮಾತ್ರ ಬರೆಯುವ ರೂಢಿ ಇದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಸೆಕ್ಷನ್‌ಗಳ ಜೋಡಣೆಯೇ ಬೇರೆ. ಹಾಗಾಗಿ 'ಕಂಟ್ರಾಕ್ಟರ್, ಬಾಡಿಗೆ, ವೃತ್ತಿಪರ ಶುಲ್ಕದ ಮೇಲೆ ಟಿಡಿಎಸ್ ಲೆಕ್ಕ, 7ರೊಳಗೆ ಚಲನ್' ಎಂದು ಪಾವತಿಯ ಬಗೆಯನ್ನೇ ಬರೆಯಿರಿ. ನಂಬರ್ ಬದಲಾದರೂ ಕೆಲಸ ಅದೇ ಇರುತ್ತದೆ.

ಎಕ್ಸೆಲ್ ಬಗ್ಗೆ 'ಎಕ್ಸ್‌ಪರ್ಟ್' ಎಂಬ ಪದ ಬೇಡ. ವಿ-ಲುಕಪ್, ಸಮ್‌ಇಫ್ಸ್, ಪಿವಟ್ ಟೇಬಲ್, ಹೀಗೆ ದಿನಾ ಬಳಸುವುದರ ಹೆಸರು ಹೇಳಿ. ಸಂದರ್ಶನದಲ್ಲಿ ಲ್ಯಾಪ್‌ಟಾಪ್ ಕೊಟ್ಟು ಎರಡು ಪಟ್ಟಿ ತೆರೆದು "ಇದರಲ್ಲಿ ಇಲ್ಲದ್ದನ್ನು ಹುಡುಕಿ" ಎನ್ನುವುದು ಮಾಮೂಲಿ. ವಿ-ಲುಕಪ್ ಬರೆದವರು ಎಡವುವುದೂ ಒಂದೇ ಜಾಗದಲ್ಲಿ: ಬಿಲ್ ನಂಬರ್ ಒಂದು ಪಟ್ಟಿಯಲ್ಲಿ ಸಂಖ್ಯೆಯಾಗಿ, ಇನ್ನೊಂದರಲ್ಲಿ ಪಠ್ಯವಾಗಿ ಇರುತ್ತದೆ ಅಥವಾ ಕೊನೆಯಲ್ಲಿ ಒಂದು ಸ್ಪೇಸ್ ಇರುತ್ತದೆ. ಕಣ್ಣಿಗೆ ಒಂದೇ ಥರ ಕಂಡರೂ ಸೂತ್ರಕ್ಕೆ ಅದು ಬೇರೆ ಬೇರೆ. ಅದನ್ನು ಎರಡೂ ಪಟ್ಟಿಗೆ 'ಟ್ರಿಮ್' ಹಾಕಿ ಬಿಡಿಸುವುದು ಗೊತ್ತಿದ್ದರೆ ರೆಸ್ಯೂಮ್‌ನಲ್ಲಿ ಬರೆದದ್ದಕ್ಕೆ ತೂಕ ಬರುತ್ತದೆ.

ಪದಗಳ ಹೊಂದಾಣಿಕೆ

ನೌಕ್ರಿಯಂಥ ತಾಣಗಳಲ್ಲಿ ನೇಮಕ ಮಾಡುವವರು ಪದ ಹಾಕಿ ಹುಡುಕುತ್ತಾರೆ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಎಟಿಎಸ್ ಎಂಬ ತಂತ್ರಾಂಶ ಓದಿ ವಿಂಗಡಿಸುತ್ತದೆ. ಅದಕ್ಕೆ 'ಬಿಆರ್‌ಎಸ್' ಮತ್ತು 'ಬ್ಯಾಂಕ್ ರೀಕನ್ಸಿಲಿಯೇಶನ್' ಒಂದೇ ಎಂದು ಗೊತ್ತಿರಬೇಕೆಂದೇನೂ ಇಲ್ಲ. ಪೂರ್ತಿ ಹೆಸರು ಒಂದು ಸಲ, ಸಂಕ್ಷಿಪ್ತ ರೂಪ ಒಂದು ಸಲ ಬರಲಿ. ಜಾಹೀರಾತಿನಲ್ಲಿ ಟ್ಯಾಲಿ ಪ್ರೈಮ್ ಎಂದು ಬಿಡಿಸಿ ಬರೆದಿದ್ದರೆ ನೀವೂ ಬಿಡಿಸಿಯೇ ಬರೆಯಿರಿ, 'ಅಕೌಂಟ್ಸ್ ಪೇಯಬಲ್' ಎಂದಿದ್ದರೆ ನಿಮ್ಮ 'ವೆಂಡರ್ ಪೇಮೆಂಟ್'ಗೆ ಆ ಹೆಸರನ್ನೂ ಸೇರಿಸಿ. ಜಾಹೀರಾತಿನ ಪದಗಳನ್ನೆಲ್ಲ ಬಿಳಿ ಅಕ್ಷರದಲ್ಲಿ ಪುಟದ ಕೆಳಗೆ ಅಡಗಿಸುವ ಉಪಾಯ ಹೇಳುವವರಿದ್ದಾರೆ, ಅದನ್ನು ಮಾಡಬೇಡಿ. ತಂತ್ರಾಂಶ ಬಣ್ಣ ತೆಗೆದು ಪಠ್ಯ ತೋರಿಸಿದಾಗ ಅದು ಎದ್ದು ಕಾಣುತ್ತದೆ.

ರೆಸ್ಯೂಮ್‌ನ ಮೊದಲ ಮೂರು ಸಾಲು ಪರಿಚಯಕ್ಕೆ. 'ಸವಾಲಿನ ವಾತಾವರಣದಲ್ಲಿ ನನ್ನ ಸಾಮರ್ಥ್ಯ ಬಳಸಿ ಸಂಸ್ಥೆಯ ಬೆಳವಣಿಗೆಗೆ' ಎಂಬ ಹಳೇ ಗುರಿವಾಕ್ಯ ತೆಗೆದುಬಿಡಿ. ಅದರ ಜಾಗದಲ್ಲಿ: "ಬಿ.ಕಾಂ., ಉತ್ಪಾದನಾ ಘಟಕದಲ್ಲಿ 2 ವರ್ಷ ಅಕೌಂಟ್ಸ್ ಅನುಭವ. ಟ್ಯಾಲಿ ಪ್ರೈಮ್, ಜಿಎಸ್‌ಟಿಆರ್-1 ಮತ್ತು 3ಬಿ ವರ್ಕಿಂಗ್, 3 ಖಾತೆಗಳ ಬಿಆರ್‌ಎಸ್, ವೆಂಡರ್ ಪೇಮೆಂಟ್. ದಾಸರಹಳ್ಳಿಯಲ್ಲಿ ವಾಸ, 15 ದಿನದಲ್ಲಿ ಸೇರಬಲ್ಲೆ." ಪೀಣ್ಯದ ಕಾರ್ಖಾನೆಗೆ ದಾಸರಹಳ್ಳಿ ಎಂಬ ಒಂದು ಪದ ಬಹಳ ಕೆಲಸ ಮಾಡುತ್ತದೆ. ಊರಿನ ಆ ತುದಿಯಿಂದ ಬರುವವರು ನಾಲ್ಕು ತಿಂಗಳಲ್ಲಿ ಬಿಟ್ಟುಹೋಗುತ್ತಾರೆ ಎಂಬ ಅಳುಕು ಅವರಿಗೆ ಇದ್ದೇ ಇರುತ್ತದೆ. ಪೂರ್ತಿ ವಿಳಾಸ ಬೇಡ, ಬಡಾವಣೆ ಸಾಕು.

ಅದೇ ವ್ಯಕ್ತಿ, ಬೇರೆ ಜಾಹೀರಾತು

ಇದೇ ಎರಡು ವರ್ಷದ ಅನುಭವದವರು ಬಹುರಾಷ್ಟ್ರೀಯ ಕಂಪನಿಯೊಂದರ 'ಅಕೌಂಟ್ಸ್ ಪೇಯಬಲ್ ಅಸೋಸಿಯೇಟ್' ಹುದ್ದೆಗೆ ಹೋದರೆ? ಅಲ್ಲಿ ಭಾರತದ ಜಿಎಸ್‌ಟಿ ರಿಟರ್ನ್‌ಗೆ ಹೆಚ್ಚು ಬೆಲೆ ಇಲ್ಲದೇ ಇರಬಹುದು. ಬೇಕಾಗಿರುವುದು ದಿನಕ್ಕೆ ಎಷ್ಟು ಇನ್‌ವಾಯ್ಸ್, ಮೂರು ದಾಖಲೆಗಳ ಹೋಲಿಕೆ, ವೆಂಡರ್‌ಗಳ ಈಮೇಲ್‌ಗೆ ಉತ್ತರ, ಎರಡು ಸಲ ಬಂದ ಬಿಲ್ ಹಿಡಿಯುವುದು. ಆದ್ದರಿಂದ 2ಬಿ ಸಾಲು ಕೆಳಗೆ ಇಳಿದು, "ತಿಂಗಳಿಗೆ 350 ಇನ್‌ವಾಯ್ಸ್, ಪಿಒ ಮತ್ತು ಜಿಆರ್‌ಎನ್ ಜೊತೆ ಹೋಲಿಕೆ, ವ್ಯತ್ಯಾಸ ಇದ್ದಾಗ ಡೆಬಿಟ್ ನೋಟ್" ಎಂಬುದು ಮೊದಲಿಗೆ ಬರಬೇಕು. ಅವರು ಸ್ಯಾಪ್ ಎಂಬ ತಂತ್ರಾಂಶ ಕೇಳಿದ್ದರೆ, ಸ್ಯಾಪ್ ಮುಟ್ಟದವರು ಅದನ್ನು ಸೇರಿಸಬೇಡಿ. ಪಿಒ ಇರುವ ಇನ್‌ವಾಯ್ಸ್‌ಗೆ ಮೈರೋ, ಪಿಒ ಇಲ್ಲದ್ದಕ್ಕೆ ಎಫ್‌ಬಿ60 ಎಂದು ಅದರ ಕೋಡ್‌ಗಳನ್ನು ಬಾಯಿಪಾಠ ಮಾಡಿಕೊಂಡು ಹೋದವರು ಎರಡನೇ ಪ್ರಶ್ನೆಗೇ ಉತ್ತರ ಸಿಗದೆ ನಿಂತುಬಿಡುತ್ತಾರೆ. ಪ್ರಕ್ರಿಯೆ ಗೊತ್ತಿದೆ, ತಂತ್ರಾಂಶ ಬೇರೆ ಇತ್ತು ಎಂದು ಕಾಣುವಂತೆ ಬರೆದರೆ ಕಲಿಸಲು ಒಪ್ಪುವ ಜಾಗಗಳು ಇವೆ.

ಆಡಿಟ್ ಆಫೀಸಿಗಾದರೆ ಮತ್ತೆ ಬೇರೆ ಕ್ರಮ. ಒಂದೇ ಕಂಪನಿಯ ಆಳಕ್ಕಿಂತ ಎಷ್ಟು ಬಗೆಯ ವ್ಯಾಪಾರದ ಲೆಕ್ಕ ನೋಡಿದ್ದೀರಿ ಎಂಬುದು ಅಲ್ಲಿ ಮುಂದೆ ಬರಬೇಕು.

ಅನುಭವ ಇಲ್ಲದವರು

'ಫ್ರೆಶರ್' ಎಂದು ಬರೆದು ಅರ್ಧ ಪುಟ ಖಾಲಿ ಬಿಡುವ ಮುಂಚೆ ಹಿಂದಿನ ಐದು ವರ್ಷ ಯಾರ ಲೆಕ್ಕ ಬರೆದಿದ್ದೀರಿ ಎಂದು ಯೋಚಿಸಿ. ಹಳ್ಳಿಯ ಹಾಲಿನ ಡೈರಿಯಲ್ಲಿ ಬೆಳಗ್ಗೆ, ಸಂಜೆ ಕೂತು ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಂಟ್ರಿ ಮಾಡಿದ್ದರೆ, ಬಟವಾಡೆ ಪಟ್ಟಿ ತಯಾರಿಸಿದ್ದರೆ ಅದು ಅಕೌಂಟ್ಸ್ ಕೆಲಸವೇ. "ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 14 ತಿಂಗಳು: ಸುಮಾರು 120 ಉತ್ಪಾದಕರ ದಿನದ ಎರಡು ಹೊತ್ತಿನ ದಾಖಲೆ, ಬಟವಾಡೆ ಮೊತ್ತದ ಲೆಕ್ಕ, ನಗದು ಪುಸ್ತಕ ನಿರ್ವಹಣೆಗೆ ಸಹಾಯ" ಎಂದರೆ ನಿಖರವಾಗಿ, ಸಮಯಕ್ಕೆ, ಜನರ ದುಡ್ಡಿನ ಲೆಕ್ಕ ಇಟ್ಟವರು ಎಂದು ಗೊತ್ತಾಗುತ್ತದೆ. ಅಪ್ಪನ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ, ಗೊಬ್ಬರದಂಗಡಿಯ ಸ್ಟಾಕ್ ಎಲ್ಲದಕ್ಕೂ ಇದೇ ಮಾತು. ಇದನ್ನು ನಾಚಿಕೆಯಿಂದ ಬಚ್ಚಿಡುವವರನ್ನು ನೋಡಿದರೆ ಬೇಸರವಾಗುತ್ತದೆ, ಏಕೆಂದರೆ ಟ್ಯಾಲಿ ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತದೆ, ಇದು ಇರುವುದಿಲ್ಲ.

ಅಭ್ಯಾಸದ ಕೆಲಸವನ್ನೂ ಹಾಗೆಂದೇ ಹೇಳಿ ಬರೆಯಬಹುದು. ಟ್ಯಾಲಿಯ ಎಜುಕೇಷನಲ್ ಮೋಡ್ ಉಚಿತ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಸಾಧ್ಯ, ಆದರೂ ಕಲಿಯಲು ಅದು ಸಾಕು. ಜಿಎಸ್‌ಟಿ ಪೋರ್ಟಲ್‌ನಿಂದ ರಿಟರ್ನ್ಸ್ ಆಫ್‌ಲೈನ್ ಟೂಲ್ ಇಳಿಸಿಕೊಂಡು, 50 ಕಾಲ್ಪನಿಕ ಸೇಲ್ಸ್ ಬಿಲ್‌ಗಳಿಂದ ಜಿಎಸ್‌ಟಿಆರ್-1ರ ಜೇಸನ್ ಫೈಲ್ (ಪೋರ್ಟಲ್‌ಗೆ ಏರಿಸುವ ಫೈಲ್) ಮಾಡಿ ನೋಡಿ. 'ಅಭ್ಯಾಸ ಪ್ರಾಜೆಕ್ಟ್' ಎಂಬ ಶೀರ್ಷಿಕೆಯಡಿ ಒಂದು ಸಾಲು. ಸಂದರ್ಶನದಲ್ಲಿ ಎಲ್ಲಿ ಎರರ್ ಬಂತು, ಹೇಗೆ ಬಿಡಿಸಿದೆ ಎಂದು ಹೇಳಲು ಬಂದರೆ ಆ ಒಂದು ಸಾಲೇ ಸಾಕು.

ರೂಪ, ತಾರೀಖು, ಮತ್ತು ಬಿಟ್ಟುಬಿಡಬೇಕಾದ್ದು

ಐದು ವರ್ಷದವರೆಗೆ ಒಂದೇ ಪುಟ. ಕ್ಯಾಲಿಬ್ರಿ ಅಥವಾ ಏರಿಯಲ್, 10.5ರಿಂದ 11 ಗಾತ್ರ, ಒಂದೇ ಕಾಲಂ. ಬಣ್ಣದ ಟೆಂಪ್ಲೇಟ್‌ಗಳಲ್ಲಿ ಎಡಗಡೆ ಒಂದು ಪಟ್ಟಿ, ಬಲಗಡೆ ಒಂದು ಪಟ್ಟಿ ಇರುತ್ತದೆ. ತಂತ್ರಾಂಶ ಅದನ್ನು ಅಡ್ಡಡ್ಡ ಓದಿ ಕಾಲೇಜಿನ ಹೆಸರಿನ ಮಧ್ಯೆ ಫೋನ್ ನಂಬರ್ ಸೇರಿಸಿಬಿಡುತ್ತದೆ. ವರ್ಡ್‌ನ ಹೆಡರ್‌ನಲ್ಲಿ ಹಾಕಿದ ಫೋನ್ ನಂಬರನ್ನು ಕೆಲವು ತಂತ್ರಾಂಶಗಳು ಓದುವುದೇ ಇಲ್ಲ. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಎಲ್ಲವನ್ನೂ ಆಯ್ಕೆ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಕ್ರಮವಾಗಿ ಕಂಡರೆ ಸರಿ. ಆಮೇಲೆ ಅದೇ ಫೈಲನ್ನು ಫೋನಿನಲ್ಲಿ ತೆರೆದು ನೋಡಿ. ಸಣ್ಣ ಕಾರ್ಖಾನೆಗಳಲ್ಲಿ ಎಟಿಎಸ್ ಇರುವುದಿಲ್ಲ, ಮಾಲೀಕರು ವಾಟ್ಸಾಪ್‌ನಲ್ಲೇ ಓದುತ್ತಾರೆ. ಪ್ರಿಂಟ್ ತೆಗೆದ ರೆಸ್ಯೂಮ್‌ನ ಫೋಟೋ ಕಳಿಸುವುದು ಬೇಡ. 'ಟ್ಯಾಲಿ 80 ಪರ್ಸೆಂಟ್' ಎಂಬ ನಕ್ಷತ್ರ, ಪಟ್ಟಿಗಳೂ ಬೇಡ, ಅದರಿಂದ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ತಾರೀಖು ತಿಂಗಳು, ವರ್ಷ ಎರಡೂ ಇರಲಿ. ಪಿಎಫ್ ಇದ್ದವರ ಯುಎಎನ್ (ಪಿಎಫ್‌ನ ಶಾಶ್ವತ ಸಂಖ್ಯೆ) ಖಾತೆಯಲ್ಲಿ ಸೇರಿದ ದಿನ, ಬಿಟ್ಟ ದಿನ ದಾಖಲಾಗಿರುತ್ತದೆ. ಹೊಸ ಕಂಪನಿ ಅದನ್ನು ನೋಡಿದಾಗ ರೆಸ್ಯೂಮ್ ಜೊತೆ ಹೊಂದದಿದ್ದರೆ ಆಫರ್ ಕೈತಪ್ಪಬಹುದು. ರೆಸ್ಯೂಮ್ ಬರೆಯುವ ಮುಂಚೆ ಅದನ್ನೊಮ್ಮೆ ತೆರೆದು ನೋಡಿ, ಬಿಟ್ಟ ದಿನಾಂಕ ಖಾಲಿ ಇದ್ದರೆ ಸರಿಪಡಿಸಿ. ಆರು ತಿಂಗಳ ಬಿಡುವು ಇದ್ದರೆ ಅದನ್ನು ಹಿಂದಿನ ಕೆಲಸಕ್ಕೆ ಅಂಟಿಸಿ ಮುಚ್ಚಬೇಡಿ. 'ತಾಯಿಯ ಆರೈಕೆ', 'ಸಿಎ ಇಂಟರ್ ತಯಾರಿ' ಎಂದು ಒಂದು ಸಾಲು ಸಾಕು. ಇನ್ನು ಹೆಸರು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ರೆಸ್ಯೂಮ್‌ನಲ್ಲಿ ಪ್ಯಾನ್‌ನಲ್ಲಿ ಇರುವ ಹಾಗೆ ಬರೆಯಿರಿ, ಸಂಬಳದ ದಾಖಲೆಗಳು ಅದರ ಮೇಲೆ ಹೋಗುತ್ತವೆ.

ಆಧಾರ್ ನಂಬರ್, ಪ್ಯಾನ್ ನಂಬರ್, ಜಾತಿ, ಧರ್ಮ, ಮದುವೆ, ಅಪ್ಪನ ಉದ್ಯೋಗ ಯಾವುದೂ ಬೇಡ. ಸರ್ಕಾರಿ ಅರ್ಜಿಯ ನಮೂನೆ ಬೇರೆ, ಇದು ಬೇರೆ. ನಂಬರ್‌ಗಳು ಹತ್ತಾರು ಅಪರಿಚಿತರ ಫೋನಿಗೆ ಹೋಗುವುದು ಅಪಾಯ. ಕೊನೆಯ 'ಮೇಲಿನ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ' ಎಂಬ ಘೋಷಣೆಯೂ ಬೇಕಾಗಿಲ್ಲ, ಆ ಎರಡು ಸಾಲಿನ ಜಾಗದಲ್ಲಿ ಇನ್ನೊಂದು ಕೆಲಸದ ಸಾಲು ಹಿಡಿಯುತ್ತದೆ. ಸಂಬಳದ ನಿರೀಕ್ಷೆಯನ್ನು ಕೇಳಿದಾಗ ಹೇಳಿ.

ಕಳಿಸುವಾಗ ಫೈಲಿಗೆ 'ರೆಸ್ಯೂಮ್ ಫೈನಲ್ 3' ಎಂಬ ಹೆಸರು ಇರದಿರಲಿ. ನಿಮ್ಮ ಹೆಸರು, ಹುದ್ದೆ, ಅನುಭವದ ವರ್ಷ ಸಾಕು. ಈಮೇಲ್ ವಿಷಯದ ಸಾಲಿನಲ್ಲೂ ಅದೇ, ಜೊತೆಗೆ ಎಷ್ಟು ದಿನದಲ್ಲಿ ಸೇರಬಲ್ಲಿರಿ ಎಂಬುದು. ಒಳಗೆ ನಾಲ್ಕು ಸಾಲು ಸಾಕು, ಅದರಲ್ಲಿ ಎರಡು ಅವರ ಜಾಹೀರಾತಿನ ಮುಖ್ಯ ಪದಗಳಿಗೆ ಎದುರಾಗಿ ನಿಮ್ಮ ಕೆಲಸ.

ಪ್ರತಿ ಅರ್ಜಿಗೂ ಒಂದು ಫೋಲ್ಡರ್ ಮಾಡಿ, ಕಳಿಸಿದ ಪಿಡಿಎಫ್, ಆ ಎರಡು ಕಾಲಂ ಹಾಳೆಯ ಫೋಟೋ, ಜಾಹೀರಾತಿನ ಸ್ಕ್ರೀನ್‌ಶಾಟ್ ಮೂರನ್ನೂ ಅದರಲ್ಲಿಡಿ. ಮೂರು ವಾರ ಬಿಟ್ಟು ಫೋನ್ ಬರುವ ಹೊತ್ತಿಗೆ ತಾಣದಿಂದ ಜಾಹೀರಾತು ತೆಗೆದುಹಾಕಿರುತ್ತಾರೆ, ಅವರ ಮೇಜಿನ ಮೇಲೆ ನಿಮ್ಮ ಯಾವ ರೆಸ್ಯೂಮ್ ಇದೆ ಎಂಬುದು ನಿಮಗೆ ಆ ಫೋಲ್ಡರಿನಿಂದಲೇ ಗೊತ್ತಾಗಬೇಕು.